ಪಿಕಪ್ ವಾಹನದ ಶುಚಿತ್ವ: ಮನೆಯಂಗಳದಲ್ಲೇ, ನಾಲ್ಕು ಬಕೆಟ್ ನೀರಿನಲ್ಲಿ

ಕೋಲಾರ ಜಿಲ್ಲೆಯ ವಾಣಿಜ್ಯ ವ್ಯವಹಾರವು ಇಂದು ಬಹುಮಟ್ಟಿಗೆ ಸಣ್ಣ ಸರಕು ವಾಹನಗಳ ಮೇಲೆ ನಿಂತಿದೆಯೆಂದರೆ ಅತಿಶಯೋಕ್ತಿಯಾಗಲಾರದು. ಕೋಲಾರದ ಎ.ಪಿ.ಎಂ.ಸಿ. ಮಾರುಕಟ್ಟೆಗೆ ಬರುವ ಟೊಮ್ಯಾಟೊ, ಶ್ರೀನಿವಾಸಪುರದ ಮಂಡಿಗಳಿಗೆ ಬರುವ ಮಾವು, ಮಾಲೂರಿನ ಹೆಂಚು ಮತ್ತು ಇಟ್ಟಿಗೆ, ಮುಳಬಾಗಿಲಿನ ಕಡೆಯಿಂದ ಹೆದ್ದಾರಿಯಲ್ಲಿ ಸಾಗುವ ತರಕಾರಿ, ಹಳ್ಳಿಹಳ್ಳಿಯ ರೇಷ್ಮೆಗೂಡು, ನರಸಾಪುರ ಮತ್ತು ಮಾಲೂರು ಕೈಗಾರಿಕಾ ಪ್ರದೇಶಗಳ ಬಿಡಿಭಾಗಗಳು, ಇವೆಲ್ಲವೂ ಮೊದಲ ಹತ್ತಿಪ್ಪತ್ತು ಕಿಲೋಮೀಟರುಗಳನ್ನು ಪಿಕಪ್ ಗಾಡಿಯಲ್ಲೇ ಕ್ರಮಿಸುತ್ತವೆ. 2005ರಲ್ಲಿ ಟಾಟಾ ಏಸ್, 2011ರಲ್ಲಿ ಅಶೋಕ್ ಲೇಲ್ಯಾಂಡ್‌ನ ದೋಸ್ತ್ ಮಾರುಕಟ್ಟೆಗೆ ಬಂದ ಮೇಲೆ, ಮಹೀಂದ್ರದ ಬೊಲೆರೊ ಪಿಕಪ್ ಸಹ ಸೇರಿ, ಸಣ್ಣ ವರ್ತಕನೂ ಸ್ವಂತ ಗಾಡಿ ಇಟ್ಟುಕೊಳ್ಳುವ ಕಾಲ ಬಂದಿತು.

ಆದರೆ ಲಕ್ಷಾಂತರ ರೂಪಾಯಿ ಸಾಲ ಮಾಡಿ ಕೊಂಡ ಈ ಬಂಡವಾಳವನ್ನು ನಾವು ನೋಡಿಕೊಳ್ಳುವ ರೀತಿ ಹೇಗಿದೆ? ಎಂಜಿನ್ ಆಯಿಲ್ ಬದಲಿಸುವುದನ್ನು ಯಾರೂ ಮರೆಯುವುದಿಲ್ಲ. ತೊಳೆಯುವ ವಿಷಯದಲ್ಲಿ ಮಾತ್ರ ಎರಡು ಅತಿರೇಕಗಳು ಕಂಡುಬರುತ್ತವೆ. ಕೆಲವರು ಆಯುಧಪೂಜೆಯಿಂದ ಆಯುಧಪೂಜೆಗೆ ತೊಳೆಯುತ್ತಾರೆ. ಇನ್ನು ಕೆಲವರು ಕೊಳವೆಬಾವಿಯ ಪೈಪನ್ನು ಹಿಡಿದು ಅರ್ಧ ಗಂಟೆ ನೀರು ಬಿಡುತ್ತಾರೆ. ಮೊದಲನೆಯದರಿಂದ ಗಾಡಿ ಹಾಳು, ಎರಡನೆಯದರಿಂದ ನೀರು ಹಾಳು. ಇವೆರಡರ ನಡುವಿನ ದಾರಿಯನ್ನು ಸದಸ್ಯ ಬಾಂಧವರ ಗಮನಕ್ಕೆ ತರುವುದು ಈ ಲೇಖನದ ಉದ್ದೇಶ.

ನೀರಿನ ಲೆಕ್ಕ ಮೊದಲು

ನಮ್ಮ ಜಿಲ್ಲೆಗೆ ವರ್ಷವಿಡೀ ಹರಿಯುವ ನದಿಯಿಲ್ಲ. ಕೇಂದ್ರ ಅಂತರ್ಜಲ ಮಂಡಳಿಯ ಮೌಲ್ಯಮಾಪನಗಳಲ್ಲಿ ಇಲ್ಲಿನ ತಾಲ್ಲೂಕುಗಳು ವರ್ಷಗಳಿಂದ ಅಂತರ್ಜಲದ ಅತಿಬಳಕೆಯ ಪಟ್ಟಿಯಲ್ಲಿವೆ. ಎಂದರೆ ಮಳೆಯಿಂದ ಭೂಮಿಗೆ ಇಳಿಯುವುದಕ್ಕಿಂತ ಹೆಚ್ಚು ನೀರನ್ನು ನಾವು ಮೇಲೆತ್ತುತ್ತಿದ್ದೇವೆ. ಸಾವಿರ ಅಡಿಗೂ ಮಿಗಿಲಾದ ಕೊಳವೆಬಾವಿಗಳು ಇಲ್ಲಿ ಅಪರೂಪವಲ್ಲ. ಬೆಂಗಳೂರಿನಲ್ಲಿ 2024ರ ಮಾರ್ಚ್ ತಿಂಗಳಿನ ನೀರಿನ ಅಭಾವದ ಸಂದರ್ಭದಲ್ಲಿ ಜಲಮಂಡಳಿಯು ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ವಿಧಿಸಲು ಆದೇಶಿಸಿದ್ದನ್ನು ಓದುಗರು ಬಲ್ಲರು. ಅಂಥ ಆದೇಶ ನಮ್ಮ ಊರಿಗೆ ಬರುವವರೆಗೆ ಕಾಯಬೇಕೆ ಎಂಬುದನ್ನು ಯೋಚಿಸಬೇಕು.

ಲೆಕ್ಕ ಹೀಗಿದೆ. ಸಾಧಾರಣ ಪೈಪಿನಲ್ಲಿ ನಿಮಿಷಕ್ಕೆ 10ರಿಂದ 15 ಲೀಟರ್ ನೀರು ಬರುತ್ತದೆ. ಕಾಲು ಗಂಟೆ ಬಿಟ್ಟರೆ ಸುಮಾರು 200 ಲೀಟರ್. ವಾರಕ್ಕೆ ಎರಡು ಬಾರಿಯಂತೆ ವರ್ಷಕ್ಕೆ 20,800 ಲೀಟರ್. ಅದೇ ಕೆಲಸವನ್ನು 15 ಲೀಟರಿನ ನಾಲ್ಕು ಬಕೆಟ್ಟುಗಳಲ್ಲಿ, ಎಂದರೆ 60 ಲೀಟರಿನಲ್ಲಿ ಮುಗಿಸಿದರೆ ವರ್ಷಕ್ಕೆ 6,240 ಲೀಟರ್ ಸಾಕು. ಒಂದು ಗಾಡಿಯಿಂದ ಉಳಿಯುವ ನೀರು 14,560 ಲೀಟರ್. 5,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಹೆಚ್ಚುಕಡಿಮೆ ಮೂರು ಲೋಡು. ಬೇಸಿಗೆಯಲ್ಲಿ ಟ್ಯಾಂಕರಿಗೆ ಹಣ ತೆತ್ತವರಿಗೆ ಇದರ ಬೆಲೆಯನ್ನು ವಿವರಿಸಬೇಕಾಗಿಲ್ಲ.

ಗಡಸು ನೀರಿನ ತೊಂದರೆ

ನೀರು ಕಡಿಮೆ ಇರುವುದಷ್ಟೇ ಅಲ್ಲ, ಇರುವ ನೀರೂ ಗಡಸು. ಭಾರತೀಯ ಮಾನಕ ಐ.ಎಸ್. 10500ರ ಪ್ರಕಾರ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ಒಪ್ಪಿಕೊಳ್ಳಬಹುದು. ನಮ್ಮ ಆಳದ ಕೊಳವೆಬಾವಿಗಳ ನೀರು ಬಿಸಿಲಿನಲ್ಲಿ ಆರಿದರೆ ಬಣ್ಣದ ಮೇಲೆ, ಗಾಜಿನ ಮೇಲೆ ಬಿಳಿಯ ಚುಕ್ಕೆಗಳು ಉಳಿಯುವುದನ್ನು ಎಲ್ಲರೂ ಕಂಡಿದ್ದಾರೆ. ಅವು ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳ ಕಲೆಗಳು. ಹಲವು ಬಾರಿ ಹೀಗಾದರೆ ಕಲೆ ಒರೆಸಿದರೂ ಹೋಗುವುದಿಲ್ಲ. ಗಡಸು ನೀರಿನಲ್ಲಿ ಬಟ್ಟೆಯ ಸೋಪು ನೊರೆ ಕೊಡದೆ ಗಸಿಯಾಗಿ ಗಾಡಿಗೇ ಅಂಟಿಕೊಳ್ಳುತ್ತದೆ.

ಇದಕ್ಕೆ ಪರಿಹಾರ ಮೂರು. ಒಂದು, ಬೆಳಗಿನ ಅಥವಾ ಸಂಜೆಯ ಹೊತ್ತು, ನೆರಳಿನಲ್ಲಿ ತೊಳೆಯುವುದು. ಎರಡು, ತೊಳೆದ ಕೂಡಲೇ ಒಣ ಬಟ್ಟೆಯಿಂದ ನೀರನ್ನು ಒರೆಸಿಬಿಡುವುದು. ಮೂರು, ಸಾಧ್ಯವಿದ್ದಲ್ಲಿ ಮಳೆನೀರನ್ನು ಬಳಸುವುದು. ಮಳೆನೀರು ಮೃದುವಾದ ನೀರು. ಅದರಲ್ಲಿ ಕಲೆಯಾಗುವ ಲವಣವಿಲ್ಲ, ಶಾಂಪೂ ಸಹ ಅರ್ಧದಷ್ಟು ಸಾಕು. 100 ಚದರ ಮೀಟರ್ ಚಾವಣಿಯ ಮೇಲೆ 20 ಮಿಲಿಮೀಟರ್ ಮಳೆ ಬಿದ್ದರೆ 2,000 ಲೀಟರ್ ನೀರು. ಸೋರಿಕೆ ಮತ್ತು ಮೊದಲ ಕೊಳೆನೀರನ್ನು ಕಳೆದರೂ 1,600 ಲೀಟರ್ ದೊರೆಯುತ್ತದೆ. 200 ಲೀಟರಿನ ಎರಡು ಡ್ರಮ್ಮುಗಳನ್ನು ಚಾವಣಿಯ ಕೊಳವೆಯ ಕೆಳಗೆ ಇಟ್ಟು, ಸೊಳ್ಳೆ ಹೋಗದಂತೆ ಬಲೆ ಕಟ್ಟಿ ಮುಚ್ಚಿದರೆ ಆರು ಬಾರಿಗೆ ಗಾಡಿಯ ನೀರು ಸಿದ್ಧ.

ಕೆರೆಯ ವಿಷಯವನ್ನೂ ಇಲ್ಲಿ ಹೇಳಬೇಕು. ಗಾಡಿಯನ್ನು ಕೆರೆಯಂಚಿಗೆ ಇಳಿಸಿ ತೊಳೆಯುವುದು ಹಳೆಯ ರೂಢಿ. 2018ರ ಜೂನ್ ತಿಂಗಳಿನಿಂದ ಕೆ.ಸಿ. ವ್ಯಾಲಿ ಯೋಜನೆಯ ಮೂಲಕ ಬೆಂಗಳೂರಿನ ಸಂಸ್ಕರಿತ ನೀರು ಲಕ್ಷ್ಮೀಸಾಗರ ಕೆರೆಗೆ, ಅಲ್ಲಿಂದ ಜಿಲ್ಲೆಯ ಇತರ ಕೆರೆಗಳಿಗೆ ಹರಿಯತೊಡಗಿದ ಮೇಲೆ, ಒಣಗಿದ್ದ ಅನೇಕ ಕೆರೆಗಳಲ್ಲಿ ನೀರು ಕಾಣುತ್ತಿದೆ. ದಿನಕ್ಕೆ 440 ದಶಲಕ್ಷ ಲೀಟರ್ ನೀರು ಕೊಡುವ ಉದ್ದೇಶದಿಂದ ರೂಪಿಸಿದ ಈ ಯೋಜನೆಯ ಗುರಿ ಅಂತರ್ಜಲದ ಮರುಪೂರಣ. ನೀರು ಎರಡನೆಯ ಹಂತದವರೆಗೆ ಮಾತ್ರ ಸಂಸ್ಕರಿಸಿದ್ದಾದ್ದರಿಂದ ತರಕಾರಿ, ಹಣ್ಣು ತುಂಬುವ ಗಾಡಿಯ ಒಳಮೈಯನ್ನು ಅದರಿಂದ ತೊಳೆಯುವುದು ಸರಿಯಲ್ಲ. ಜೊತೆಗೆ ಗಾಡಿಯಿಂದ ಇಳಿಯುವ ಗ್ರೀಸು, ಡೀಸೆಲ್ಲು ಕೆರೆಯ ಮೇಲೆ ಪೊರೆಯಾಗಿ ಹರಡಿ, ಕೊನೆಗೆ ನಮ್ಮದೇ ಕೊಳವೆಬಾವಿಯತ್ತ ಇಳಿಯುತ್ತದೆ. ಕೆರೆಯಲ್ಲಿ ಗಾಡಿ ತೊಳೆಯುವ ಪದ್ಧತಿಯನ್ನು ಬಿಡುವುದೇ ಲೇಸು.

ತಾರೀಖು ನೋಡಿ ಅಲ್ಲ, ಲೋಡು ನೋಡಿ

ಗಾಡಿಯನ್ನು ಯಾವಾಗ ತೊಳೆಯಬೇಕೆಂಬ ಪ್ರಶ್ನೆಗೆ ಉತ್ತರ ಕ್ಯಾಲೆಂಡರಿನಲ್ಲಿಲ್ಲ, ಹಿಂದಿನ ಲೋಡಿನಲ್ಲಿದೆ. ನಮ್ಮ ತಾಲ್ಲೂಕುಗಳ ಸರಕುಗಳನ್ನು ಒಂದೊಂದಾಗಿ ನೋಡೋಣ.

ಟೊಮ್ಯಾಟೊ: 15 ಕಿಲೋಗ್ರಾಂ ಬಾಕ್ಸುಗಳನ್ನು ಒಂದರ ಮೇಲೊಂದು ಪೇರಿಸಿದಾಗ ಕೆಳಗಿನ ಹಣ್ಣು ಒಡೆದು ರಸ ಸೋರುವುದು ಸಹಜ. 2023ರ ಜುಲೈನಲ್ಲಿ ಕೋಲಾರದಲ್ಲಿ ಬಾಕ್ಸಿನ ಬೆಲೆ 2,000 ರೂಪಾಯಿ ದಾಟಿದಾಗ ಒಡೆದ ಹಣ್ಣನ್ನೂ ಆರಿಸಿಟ್ಟವರಿದ್ದರು. ಬೆಲೆ ಬಿದ್ದಾಗ ಗಾಡಿಯಲ್ಲೇ ಕೊಳೆಯಲು ಬಿಡುವುದೂ ಉಂಟು. ಟೊಮ್ಯಾಟೊ ರಸ ಆಮ್ಲೀಯವಾದದ್ದು, ಅದರ ಪಿ.ಎಚ್. ಮೌಲ್ಯ ಸುಮಾರು 4ರಿಂದ 4.5. ಲೋಡ್ ಬಾಡಿಯ ತಗಡಿನ ಏಣುಗಳ ನಡುವೆ, ಬೆಸುಗೆಯ ಸಂದಿನಲ್ಲಿ, ಹಿಂಬಾಗಿಲಿನ ಕೀಲಿನ ಕೆಳಗೆ ಅದು ನಿಂತರೆ, ಬಣ್ಣ ಕಿತ್ತುಹೋದ ಕಡೆಯಿಂದ ತುಕ್ಕು ಹಿಡಿಯಲು ಆರಂಭಿಸುತ್ತದೆ. ಮಂಡಿಯಿಂದ ಹಿಂದಿರುಗಿದ ದಿನವೇ ಎರಡು ಬಕೆಟ್ ನೀರಿನಲ್ಲಿ ಒಳಮೈ ತೊಳೆಯಬೇಕು. ಮರುದಿನಕ್ಕೆ ಬಿಟ್ಟರೆ ಸಿಪ್ಪೆ ಒಣಗಿ ಅಂಟಿಕೊಂಡು, ತೆಗೆಯಲು ನಾಲ್ಕು ಬಕೆಟ್ ನೀರು ಬೇಕಾಗುತ್ತದೆ.

ಮಾವು: ಶ್ರೀನಿವಾಸಪುರದ ಸುಗ್ಗಿಯಲ್ಲಿ, ಅಂದರೆ ಮೇ ತಿಂಗಳಿನಿಂದ ಜುಲೈವರೆಗೆ, ಬಾದಾಮಿ, ರಸಪುರಿ, ತೋತಾಪುರಿ, ನೀಲಂ ತುಂಬುವ ಗಾಡಿಗಳ ಶತ್ರು ಮಾವಿನ ಸೊನೆ. ತೊಟ್ಟು ಮುರಿದಾಗ ಚಿಮ್ಮುವ ಈ ಸೊನೆ ಹಣ್ಣಿನ ಸಿಪ್ಪೆಯನ್ನೇ ಸುಟ್ಟು ಕಪ್ಪಾಗಿಸುವಷ್ಟು ತೀಕ್ಷ್ಣವಾದದ್ದು. ಬಣ್ಣದ ಮೇಲೆ ಬಿದ್ದು ಬಿಸಿಲಿಗೆ ಒಣಗಿದರೆ ಕಂದು ಕಲೆಯಾಗುತ್ತದೆ. ಅದು ನೀರಿಗೆ ಕರಗುವುದಿಲ್ಲ. ಚಾಕುವಿನಿಂದ ಕೆರೆದರೆ ಬಣ್ಣವೂ ಬರುತ್ತದೆ. ಸ್ವಲ್ಪ ಅಡಿಗೆ ಎಣ್ಣೆಯನ್ನು ಹತ್ತಿಯ ಬಟ್ಟೆಗೆ ಹಚ್ಚಿ ಕಲೆಯ ಮೇಲೆ ಐದು ನಿಮಿಷ ಒತ್ತಿಟ್ಟು, ಮೆತ್ತಗಾದ ಮೇಲೆ ಒರೆಸಿ, ನಂತರ ಶಾಂಪೂ ನೀರಿನಿಂದ ಜಿಡ್ಡು ತೆಗೆಯಬೇಕು. ತೊಳೆಯುವವರ ಕೈಗೂ ಸೊನೆ ತಾಗಿದರೆ ಹುಣ್ಣಾಗುವುದರಿಂದ ರಬ್ಬರ್ ಕೈಗವಸು ಅಗತ್ಯ.

ಇಟ್ಟಿಗೆ, ಹೆಂಚು: ಮಾಲೂರಿನ ಗಾಡಿಗಳಿಗೆ ಅಂಟುವ ಕೆಂಪು ಧೂಳು ಉಪ್ಪುಕಾಗದದಂತೆ ಉಜ್ಜುವ ಗುಣದ್ದು. ಇದನ್ನು ಬಣ್ಣದ ಮೇಲೆ ಒಣ ಬಟ್ಟೆಯಿಂದ ಒರೆಸಲೇಬಾರದು. ಕೂದಲೆಳೆಯಂಥ ಸಾವಿರ ಗೀರುಗಳಾಗುತ್ತವೆ. ಲೋಡ್ ಬಾಡಿಯ ಒಳಗಿನದನ್ನು ಪೊರಕೆಯಿಂದ ಗುಡಿಸಿ, ಹೊರಗಿನ ಬಣ್ಣದ ಮೇಲಿನದನ್ನು ನೀರಿನಿಂದ ಮಾತ್ರ ಇಳಿಸಬೇಕು.

ಸಿಮೆಂಟು, ರಸಗೊಬ್ಬರ: ಇವೆರಡೂ ನೀರಿನ ಮೊದಲ ಹನಿ ಬೀಳುವ ಮುನ್ನವೇ ಹೋಗಬೇಕಾದವು. ಸಿಮೆಂಟು ನೀರು ತಾಗಿದರೆ ಕಲ್ಲಾಗುತ್ತದೆ. ಯೂರಿಯ, ಪೊಟ್ಯಾಷ್ ಗಾಳಿಯ ತೇವವನ್ನೇ ಹೀರಿ ಕರಗಿ, ತಗಡನ್ನು ತಿನ್ನುತ್ತವೆ. ಮೂಲೆಮೂಲೆಯನ್ನು ಗುಡಿಸಿ, ಸಾಧ್ಯವಿದ್ದರೆ ಗಾಳಿಯಿಂದ ಊದಿಸಿ, ಆಮೇಲೆ ಅದೇ ದಿನ ತೊಳೆಯಬೇಕು.

ಕೋಳಿ ಮತ್ತು ಕೋಳಿಗೊಬ್ಬರ: ಹಿಕ್ಕೆಯಲ್ಲಿರುವ ಯೂರಿಕ್ ಆಮ್ಲ ಬಣ್ಣಕ್ಕೂ ತಗಡಿಗೂ ಹಾನಿಕರ. ಒಣಗಿದ್ದನ್ನು ಕೆರೆಯದೆ, ಮೊದಲು ಒದ್ದೆ ಗೋಣಿಚೀಲ ಹೊದಿಸಿ ನೆನೆಸಿ ತೆಗೆಯಬೇಕು. ಇಲ್ಲವಾದರೆ ಅದರ ಧೂಳು ತೊಳೆಯುವವರ ಶ್ವಾಸಕೋಶ ಸೇರುತ್ತದೆ.

ರೇಷ್ಮೆಗೂ ಔಷಧಿಗೂ ಒಂದೇ ಗಾಡಿಯಾದರೆ

ಶುಚಿತ್ವದ ಕೊರತೆಯಿಂದ ಅತಿ ದೊಡ್ಡ ನಷ್ಟವಾಗಬಹುದಾದ ಸರಕು ರೇಷ್ಮೆ. ಬೆಳಿಗ್ಗೆ ಕೀಟನಾಶಕದ ಡಬ್ಬಗಳನ್ನು ಸಾಗಿಸಿದ ಗಾಡಿಯಲ್ಲಿ ಮಧ್ಯಾಹ್ನ ಹಿಪ್ಪುನೇರಳೆ ಸೊಪ್ಪನ್ನೋ ಚಾಕಿ ಹುಳುವನ್ನೋ ತುಂಬಿದರೆ, ತಗಡಿಗಂಟಿದ ಅಲ್ಪ ಔಷಧಿಯೇ ಹುಳುಗಳ ಪ್ರಾಣ ತೆಗೆಯಬಲ್ಲುದು. ರೇಷ್ಮೆಹುಳುವೂ ಒಂದು ಕೀಟವೇ ಎಂಬುದನ್ನು ಮರೆಯಬಾರದು. ಗೂಡು ಸಾಗಿಸಿದ ಗಾಡಿಯಿಂದ ಹಾಲುತೊಂಡೆ, ಸುಣ್ಣಕಟ್ಟು, ಗಂಟುರೋಗಗಳ ಸೋಂಕು ಒಂದು ಹುಳುಮನೆಯಿಂದ ಇನ್ನೊಂದಕ್ಕೆ ಹೋಗುವ ಸಂಭವವೂ ಇದೆ. ರೈತನೊಬ್ಬನ ಇಡೀ ಬೆಳೆಯ ಹೊಣೆ ಆಗ ಗಾಡಿಯ ಒಡೆಯನ ಮೇಲೆ ಬರುತ್ತದೆ.

ಔಷಧಿ ಸೋರಿದ್ದರೆ ಮೊದಲು ಒಣ ಮಣ್ಣು ಅಥವಾ ಮರದ ಪುಡಿ ಹಾಕಿ ಹೀರಿಸಿ, ಅದನ್ನು ಗುಡಿಸಿ ಬೇರೆಯಾಗಿ ಇಡಬೇಕು. ನಂತರ ಡಿಟರ್ಜೆಂಟ್ ನೀರಿನಿಂದ ಎರಡು ಮೂರು ಬಾರಿ ಉಜ್ಜಿ ತೊಳೆಯಬೇಕು. ಆ ನೀರು ದನದ ತೊಟ್ಟಿಗೆ, ಕೊಳವೆಬಾವಿಯ ಬುಡಕ್ಕೆ, ಚರಂಡಿಗೆ ಹೋಗಬಾರದು. ಇಷ್ಟಾದರೂ ಚಾಕಿ ಹುಳುವಿಗೆ ಮತ್ತು ಸೊಪ್ಪಿಗೆ ಅಂಥ ಗಾಡಿಯನ್ನು ಬಳಸದಿರುವುದೇ ಕ್ಷೇಮ.

ರೋಗದ ಸೋಂಕು ನಿವಾರಣೆಗೆ ಹುಳುಮನೆ ಮತ್ತು ಸಲಕರಣೆಗಳಿಗೆ ರೇಷ್ಮೆ ತಜ್ಞರು ಸೂಚಿಸುವ ದ್ರಾವಣವೆಂದರೆ ಶೇಕಡಾ 0.3ರ ಅರಳಿದ ಸುಣ್ಣದ ನೀರಿನಲ್ಲಿ ಶೇಕಡಾ 2ರ ಬ್ಲೀಚಿಂಗ್ ಪುಡಿ. 10 ಲೀಟರ್ ನೀರಿಗೆ 30 ಗ್ರಾಂ ಸುಣ್ಣ, 200 ಗ್ರಾಂ ಬ್ಲೀಚಿಂಗ್ ಪುಡಿ ಎಂದು ಲೆಕ್ಕ. ಗಾಡಿಯ ಒಳಮೈಗೂ ಇದನ್ನು ಬಳಸಬಹುದು. ಆದರೆ ಬ್ಲೀಚಿಂಗ್ ಪುಡಿ ಕಬ್ಬಿಣವನ್ನು ತಿನ್ನುವುದರಿಂದ ಅರ್ಧ ಗಂಟೆಯ ನಂತರ ಸಾಕಷ್ಟು ನೀರಿನಿಂದ ತೊಳೆದು ಒಣಗಿಸಲೇಬೇಕು. ಬ್ಲೀಚಿಂಗ್ ಪುಡಿಯನ್ನು ಯಾವ ಕಾರಣಕ್ಕೂ ಆಸಿಡ್ ಜೊತೆ ಬೆರೆಸಬಾರದು, ಕೋಳಿಗೊಬ್ಬರ ಇರುವಾಗ ಹಾಕಬಾರದು. ಎರಡು ಸಂದರ್ಭಗಳಲ್ಲೂ ವಿಷಾನಿಲ ಹುಟ್ಟುತ್ತದೆ.

ಕಾನೂನಿನ ದೃಷ್ಟಿ

ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ 2006ರ ಅಡಿಯಲ್ಲಿ 2011ರಲ್ಲಿ ಹೊರಬಂದ ಪರವಾನಗಿ ಮತ್ತು ನೋಂದಣಿ ವಿನಿಯಮಗಳ 4ನೆಯ ಅನುಸೂಚಿಯು ಆಹಾರ ಪದಾರ್ಥ ಸಾಗಿಸುವ ವಾಹನಗಳನ್ನು ಸ್ವಚ್ಛವಾಗಿ, ಸುಸ್ಥಿತಿಯಲ್ಲಿ ಇಡಬೇಕೆಂದೂ, ಒಂದು ಲೋಡಿನಿಂದ ಇನ್ನೊಂದಕ್ಕೆ ಮಾಲಿನ್ಯ ತಗಲದಂತೆ ನಡುವೆ ಶುಚಿಗೊಳಿಸಬೇಕೆಂದೂ ಹೇಳುತ್ತದೆ. ಹಪ್ಪಳ, ಉಪ್ಪಿನಕಾಯಿ, ಬೇಕರಿ ತಿನಿಸು, ಮಾವಿನ ತಿರುಳು ಮುಂತಾದವುಗಳ ಸಣ್ಣ ತಯಾರಕರು ಇದನ್ನು ವಿಶೇಷವಾಗಿ ಗಮನಿಸಬೇಕು. ಕಾರ್ಖಾನೆಯೊಳಗೆ ಎಷ್ಟೇ ಶುಚಿತ್ವ ಪಾಲಿಸಿದರೂ ಹಿಂದಿನ ದಿನ ಗೊಬ್ಬರ ಸಾಗಿಸಿದ ಗಾಡಿಗೆ ಮಾಲು ತುಂಬಿದರೆ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಎರಡನೆಯದು ವಾಹನದ ಅರ್ಹತಾ ಪತ್ರ. 2018ರ ತಿದ್ದುಪಡಿಯಂತೆ ಸಾರಿಗೆ ವಾಹನಗಳಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆನಂತರ ಪ್ರತಿ ವರ್ಷ ಅರ್ಹತಾ ಪತ್ರ ನವೀಕರಿಸಬೇಕು. ತುಕ್ಕು ಹಿಡಿದು ತೂತಾದ ಬಾಡಿ, ಮಸುಕಾದ ದೀಪ, ಓದಲಾಗದ ನಂಬರ್ ಪ್ಲೇಟು ಇವೆಲ್ಲ ಆಗ ತೊಡಕಾಗುತ್ತವೆ. ಅದಕ್ಕಿಂತ ಮುಖ್ಯವಾದುದು ಜೀವದ ಪ್ರಶ್ನೆ. ಮುಳಬಾಗಿಲು, ಕೋಲಾರ ಮಾರ್ಗದ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ನಸುಕಿನಲ್ಲೇ ಸರಕು ಗಾಡಿಗಳು ಸಾಗುತ್ತವೆ. ಹಿಂಬದಿಯ ದೀಪ, ಕೆಂಪು ಪ್ರತಿಫಲಕ ಪಟ್ಟಿಗಳ ಮೇಲೆ ಮಣ್ಣು ಮೆತ್ತಿದ್ದರೆ ಹಿಂದಿನಿಂದ ಬರುವ ಲಾರಿಗೆ ನಮ್ಮ ಗಾಡಿ ಕಾಣುವುದೇ ಇಲ್ಲ. ಇಡೀ ಗಾಡಿ ತೊಳೆಯಲು ಸಮಯವಿಲ್ಲದ ದಿನವೂ ದೀಪ, ಪ್ರತಿಫಲಕ, ನಂಬರ್ ಪ್ಲೇಟು, ಮುಂದಿನ ಗಾಜು, ಪಕ್ಕದ ಕನ್ನಡಿ ಇವನ್ನು ಒಂದು ಚೊಂಬು ನೀರು ಹಾಕಿ ಒರೆಸದೆ ಹೊರಡಬಾರದು.

ನಾಲ್ಕು ಬಕೆಟ್ಟಿನ ಕ್ರಮ

ಬೇಕಾದ ಸಾಮಗ್ರಿಗಳು: ಗಡಸು ಪೊರಕೆ ಒಂದು, ಮೆತ್ತನೆಯ ಸ್ಪಂಜು ಒಂದು, ಚಕ್ರಕ್ಕೆ ಬೇರೆ ಬ್ರಷ್ ಒಂದು, ಹಳೆಯ ಹತ್ತಿ ಬಟ್ಟೆಗಳು, ನಾಲ್ಕು ಬಕೆಟ್ ನೀರು, ವಾಹನದ ಶಾಂಪೂ. ಬಟ್ಟೆ ಒಗೆಯುವ ಪುಡಿ ಮತ್ತು ವಾಷಿಂಗ್ ಸೋಡಾ ಬಣ್ಣದ ಮೇಲಿನ ಹೊಳಪಿನ ಪದರವನ್ನು ತೆಗೆದುಹಾಕುತ್ತವೆ. ಅವನ್ನು ಹೊರಮೈಗೆ ಬಳಸಬಾರದು.

1. ದೂರದಿಂದ ಬಂದ ಗಾಡಿಯನ್ನು ಅರ್ಧ ಗಂಟೆ ಆರಲು ಬಿಡಬೇಕು. ಕಾದ ಬ್ರೇಕ್ ಡ್ರಮ್ಮು, ಡಿಸ್ಕುಗಳ ಮೇಲೆ ತಣ್ಣೀರು ಬಿದ್ದರೆ ಲೋಹ ಸೊಟ್ಟಗಾಗುವ, ಬಿರುಕು ಬಿಡುವ ಅಪಾಯವಿದೆ.

2. ಒಣ ಕೆಲಸ ಮೊದಲು. ಹಿಂಬಾಗಿಲು ತೆರೆದು, ಒಳಗೆ ಹಾಸಿದ ರಬ್ಬರ್ ಅಥವಾ ಪ್ಲೈವುಡ್ ಹಾಸನ್ನು ಎತ್ತಿ ಗುಡಿಸಬೇಕು. ಹಾಸಿನ ಕೆಳಗೆ ನಿಂತ ತೇವವೇ ತುಕ್ಕಿನ ತವರು. ನೀರು ಇಳಿಯುವ ರಂಧ್ರಗಳನ್ನು ಕಡ್ಡಿಯಿಂದ ಬಿಡಿಸಬೇಕು. ಚಾಲಕನ ಕೋಣೆಯ ಹಾಸು ಕೊಡವಿ, ಪೆಡಲುಗಳ ಮಣ್ಣು ತೆಗೆಯಬೇಕು. ಜಾರುವ ಬ್ರೇಕ್ ಪೆಡಲು ಅಪಾಯಕಾರಿ.

3. ಮೊದಲನೆಯ ಬಕೆಟ್: ಚೊಂಬಿನಿಂದ ಮೇಲಿನಿಂದ ಕೆಳಕ್ಕೆ ನೀರು ಹಾಕಿ ಧೂಳನ್ನು ನೆನೆಸಿ ಇಳಿಸುವುದು.

4. ಎರಡನೆಯ ಬಕೆಟ್: ಶಾಂಪೂ ಬೆರೆಸಿದ ನೀರು. ಚಾವಣಿ, ಗಾಜು, ಬಾನೆಟ್ಟು, ಬಾಗಿಲು, ಕೊನೆಗೆ ಕೆಳಭಾಗ ಎಂಬ ಕ್ರಮದಲ್ಲಿ ಸ್ಪಂಜು ಆಡಿಸುವುದು.

5. ಮೂರನೆಯ ಬಕೆಟ್: ಸ್ಪಂಜನ್ನು ಆಗಾಗ ಅದ್ದಿ ಮರಳು ಬಿಡಿಸಲು. ಶಾಂಪೂ ಬಕೆಟ್ಟಿನಲ್ಲೇ ಅದ್ದಿದರೆ ಬಂದ ಮರಳು ಮತ್ತೆ ಬಣ್ಣಕ್ಕೆ ಹೋಗುತ್ತದೆ. ಹೊರಮೈ ಮುಗಿದ ಮೇಲೆ ಇದೇ ನೀರು ಚಕ್ರಗಳಿಗೆ ಸಾಕು.

6. ನಾಲ್ಕನೆಯ ಬಕೆಟ್: ಶುದ್ಧ ನೀರಿನಿಂದ ನೊರೆ ಇಳಿಸಿ, ಕೂಡಲೇ ಒರೆಸುವುದು.

7. ಬಾಗಿಲುಗಳನ್ನು ತೆರೆದಿಟ್ಟು, ಗಾಡಿಯ ಮೂತಿಯನ್ನು ಸ್ವಲ್ಪ ಎತ್ತರದ ಕಡೆಗೆ ನಿಲ್ಲಿಸಿದರೆ ಲೋಡ್ ಬಾಡಿಯ ನೀರು ಹಿಂದಕ್ಕೆ ಇಳಿದುಹೋಗುತ್ತದೆ. ಟಾರ್ಪಾಲು, ಹಗ್ಗಗಳನ್ನು ಒದ್ದೆಯಾಗಿ ಮಡಿಚಿಡದೆ ಬಿಸಿಲಿಗೆ ಹರಡಬೇಕು.

8. ರಸ್ತೆಗೆ ಇಳಿದ ಕೂಡಲೇ ನಿಧಾನವಾಗಿ ಓಡಿಸುತ್ತ ನಾಲ್ಕಾರು ಬಾರಿ ಬ್ರೇಕ್ ಒತ್ತಿ ಒಣಗಿಸಬೇಕು. ಒದ್ದೆ ಬ್ರೇಕ್ ತಕ್ಷಣ ಹಿಡಿಯುವುದಿಲ್ಲ.

ಈ ನಾಲ್ಕು ಬಕೆಟ್ ವಾರದ ಸಾಮಾನ್ಯ ತೊಳೆತಕ್ಕೆ. ಲೋಡ್ ಬಾಡಿಗೆ ಸೊನೆ, ರಸ, ಗೊಬ್ಬರ ತಾಗಿದ ದಿನ ಹೆಚ್ಚಿಗೆ ಎರಡು ಬಕೆಟ್ ಬೇಕಾಗುತ್ತದೆ. ಔಷಧಿ ಅಥವಾ ರೋಗಸೋಂಕಿನ ಸಂದರ್ಭದಲ್ಲಿ ನೀರಿನ ಉಳಿತಾಯವನ್ನು ನೋಡಬಾರದು.

ಕೆಳಭಾಗ ಮತ್ತು ಎಂಜಿನ್

ತಿಂಗಳಿಗೊಮ್ಮೆ, ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ, ಚಾಸಿಯ ಒಳಬದಿ, ಮಡ್ಗಾರ್ಡಿನ ಒಳಮೈ, ಸ್ಪ್ರಿಂಗ್ ಪಟ್ಟೆಗಳ ಮೇಲಿನ ಮಣ್ಣನ್ನು ತೆಗೆಯಬೇಕು. ಪ್ರೆಷರ್ ವಾಷರ್ ಇದ್ದರೆ ಅನುಕೂಲ. ಮನೆಬಳಕೆಯ ಯಂತ್ರಗಳು ನಿಮಿಷಕ್ಕೆ 5ರಿಂದ 7 ಲೀಟರ್ ನೀರಿನಲ್ಲೇ ಕೆಲಸ ಮಾಡುತ್ತವೆ. ಮೂತಿಯನ್ನು ಒಂದು ಅಡಿಗಿಂತ ಹತ್ತಿರ ಹಿಡಿಯಬಾರದು. ಟೈರಿನ ಪಕ್ಕೆ, ಬೇರಿಂಗಿನ ಸೀಲು, ವೈರಿನ ಜೋಡಣೆಗಳಿಗೆ ನೇರವಾಗಿ ಹೊಡೆಯಬಾರದು. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿ.ಎಸ್. 6 ಮಾನದಂಡದ ಗಾಡಿಗಳಲ್ಲಿ ಸೆನ್ಸರುಗಳು ಹೆಚ್ಚು. ಎಂಜಿನ್ ಕೋಣೆಗೆ ನೀರು ಎರಚದೆ ಒದ್ದೆ ಬಟ್ಟೆಯಿಂದ ಒರೆಸುವುದೇ ಸರಿಯಾದ ಕ್ರಮ. ಇದೇ ಕಾರಣಕ್ಕೆ ವಾಟರ್ ಸರ್ವಿಸ್‌ಗೆ ಕೊಟ್ಟಾಗಲೂ ಒಡೆಯರು ಎದುರಿನಲ್ಲಿದ್ದು ಹೇಳಬೇಕಾಗುತ್ತದೆ. ವಿದ್ಯುತ್ ಗಾಡಿಗಳಲ್ಲಿ ಚಾರ್ಜಿಂಗ್ ಮುಚ್ಚಳ ಭದ್ರವಾಗಿದೆಯೆಂದು ನೋಡಿಕೊಂಡು ಆ ಕಡೆಗೆ ಒತ್ತಡದ ನೀರು ಬಿಡಬಾರದು.

ಕೆಳಭಾಗ ತೊಳೆದಾಗ ನೀರಿನೊಂದಿಗೆ ಗ್ರೀಸೂ ಹೊರಬರುತ್ತದೆ. ಆದ್ದರಿಂದ ತೊಳೆದ ನಂತರ ಪ್ರೊಪೆಲರ್ ಶಾಫ್ಟಿನ ಜಾಯಿಂಟು, ಸ್ಪ್ರಿಂಗಿನ ಶ್ಯಾಕಲ್ ಮುಂತಾದ ಕಡೆ ಗ್ರೀಸ್ ತುಂಬಿಸಬೇಕು. ಹೊಳಪಿಗಾಗಿ ಕೆಳಭಾಗಕ್ಕೆ ಡೀಸೆಲ್ ಸಿಂಪಡಿಸುವ ಪದ್ಧತಿ ಒಳ್ಳೆಯದಲ್ಲ. ಡೀಸೆಲ್ ರಬ್ಬರ್ ಬುಷ್ಷುಗಳನ್ನು ಊದಿಸಿ ಕೆಡಿಸುತ್ತದೆ, ಬ್ರೇಕಿಗೆ ತಾಗಿದರೆ ಜಾರಿಸುತ್ತದೆ, ಧೂಳನ್ನು ಇನ್ನಷ್ಟು ಹಿಡಿಯುತ್ತದೆ. ಬಳಸಿದ ಎಂಜಿನ್ ಆಯಿಲನ್ನು ಹಚ್ಚುವುದೂ, ಅಂಗಳದಲ್ಲಿ ಚೆಲ್ಲುವುದೂ ಸಲ್ಲದು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲಿ ಅದು ಸೇರಿದೆ.

ಸುಗ್ಗಿಯ ನಂತರ ರೇಡಿಯೇಟರಿನ ಜಾಲರಿಯಲ್ಲಿ ಹುಳು, ಹೊಟ್ಟು, ಧೂಳು ತುಂಬಿ ಎಂಜಿನ್ ಕಾಯುವುದುಂಟು. ಎಂಜಿನ್ ಆರಿದ ಮೇಲೆ, ಒಳಗಿನಿಂದ ಹೊರಕ್ಕೆ, ಕಡಿಮೆ ಒತ್ತಡದ ನೀರು ಬಿಟ್ಟು ಬಿಡಿಸಬೇಕು. ಬ್ಯಾಟರಿಯ ತುದಿಗಳಲ್ಲಿ ಬಿಳಿ ಹಸಿರು ಪುಡಿ ಕಂಡರೆ, ತಂತಿ ಬಿಚ್ಚಿ ಅಡಿಗೆ ಸೋಡಾ ನೀರಿನಿಂದ ಒರೆಸಿ, ಒಣಗಿಸಿ, ವ್ಯಾಸಲಿನ್ ಸವರಬೇಕು.

ತೊಳೆಯುವ ಹೊತ್ತೇ ತಪಾಸಣೆಯ ಹೊತ್ತೂ ಹೌದು. ಬಣ್ಣ ಎದ್ದ ಜಾಗ, ಆಯಿಲ್ ಸೋರಿಕೆ, ಟೈರಿಗೆ ಚುಚ್ಚಿದ ಮೊಳೆ, ಬಿರುಕು ಬಿಟ್ಟ ಸ್ಪ್ರಿಂಗ್ ಪಟ್ಟೆ ಇವು ಶುಚಿಯಾದ ಗಾಡಿಯಲ್ಲಿ ಮಾತ್ರ ಕಣ್ಣಿಗೆ ಬೀಳುತ್ತವೆ. ತುಕ್ಕಿನ ಚುಕ್ಕೆ ಕಂಡ ವಾರವೇ ಉಪ್ಪುಕಾಗದದಿಂದ ಉಜ್ಜಿ, ರೆಡ್ ಆಕ್ಸೈಡ್ ಹಚ್ಚಿ, ಮೇಲೆ ಬಣ್ಣ ಬಳಿದರೆ ಅಂಗೈಯಗಲದ ಕೆಲಸದಲ್ಲಿ ಮುಗಿಯುತ್ತದೆ. ಬಿಟ್ಟರೆ ತಗಡನ್ನೇ ಕತ್ತರಿಸಿ ಬೆಸೆಯಬೇಕಾಗುತ್ತದೆ.

ತೊಳೆಯುವವರ ಕ್ಷೇಮ

ಒದ್ದೆ ನೆಲ, ಬರಿಗಾಲು, ವಿದ್ಯುತ್ ಪಂಪು ಈ ಮೂರು ಸೇರುವ ಕಡೆ ಅನಾಹುತ ದೂರವಿಲ್ಲ. ಪ್ರೆಷರ್ ವಾಷರ್ ಅಥವಾ ಪಂಪಿನ ಸಂಪರ್ಕಕ್ಕೆ ಸರಿಯಾದ ಅರ್ಥಿಂಗ್ ಮತ್ತು 30 ಮಿಲಿಆಂಪಿಯರಿನ ಆರ್.ಸಿ.ಸಿ.ಬಿ. ಸಾಧನ ಇರಲೇಬೇಕು. ತಂತಿಯ ಗಂಟುಗಳು ನೆಲದ ನೀರಿನಲ್ಲಿ ಬಿದ್ದಿರಬಾರದು. ರಬ್ಬರ್ ಚಪ್ಪಲಿಯಿಲ್ಲದೆ ಯಾರೂ ಯಂತ್ರವನ್ನು ಮುಟ್ಟಬಾರದು. ಜಾಕ್ ಮಾತ್ರ ಕೊಟ್ಟು ಎತ್ತಿದ ಗಾಡಿಯ ಕೆಳಗೆ ನುಸುಳಲು ಯಾರನ್ನೂ ಬಿಡಬಾರದು.

ಇನ್ನೊಂದು ಮಾತು. ಗಾಡಿ ತೊಳೆಯುವುದು ಚಾಲಕನ ಬಿಟ್ಟಿ ಚಾಕರಿಯಲ್ಲ, ಅದೂ ಕೆಲಸವೇ. ಇಡೀ ರಾತ್ರಿ ಓಡಿಸಿ ಬಂದವನ ಕೈಗೆ ಬಕೆಟ್ ಕೊಟ್ಟರೆ ಕೆಲಸವೂ ಕೆಡುತ್ತದೆ, ಮನಸ್ಸೂ ಕೆಡುತ್ತದೆ. ವಾರಕ್ಕೆ ಒಂದು ಗಂಟೆಯನ್ನು ಇದಕ್ಕೆಂದು ಗೊತ್ತುಮಾಡಿ, ಸಾಮಗ್ರಿ ಒದಗಿಸಿ, ಅದಕ್ಕೆ ತಕ್ಕ ಸಂಬಳ ಕೊಡುವ ಒಡೆಯನ ಗಾಡಿಯನ್ನು ಚಾಲಕ ತನ್ನದೆಂದೇ ನೋಡಿಕೊಳ್ಳುತ್ತಾನೆ.

ಸದಸ್ಯರು ಕೈಗೊಳ್ಳಬಹುದಾದ ಕ್ರಮಗಳು

ಪ್ರತಿ ಗಾಡಿಗೆ ಒಂದು ಸಣ್ಣ ಪುಸ್ತಕವಿಟ್ಟು ತಾರೀಖು, ತುಂಬಿದ ಲೋಡು, ತೊಳೆದ ವಿವರ ಎಂಬ ಮೂರು ಕಲಮುಗಳನ್ನು ಬರೆಸುವುದು ಉಪಯುಕ್ತ. ಆಹಾರದ ಮಾಲು ಕಳುಹಿಸುವವರು ಬಾಡಿಗೆ ಗಾಡಿ ಬಂದಾಗ ತುಂಬುವ ಮುನ್ನ ಹಿಂದಿನ ಲೋಡು ಯಾವುದೆಂದು ಕೇಳುವ ರೂಢಿ ಬೆಳೆಸಿಕೊಳ್ಳಬೇಕು. ನಾಲ್ಕೈದು ಗಾಡಿಗಳಿರುವ ಸಂಸ್ಥೆಗಳು ಸಿಮೆಂಟ್ ಹಾಸಿನ ಒಂದು ತೊಳೆಯುವ ಕಟ್ಟೆ ಕಟ್ಟಿಸಿ, ಅದರ ನೀರನ್ನು ಮರಳು ತಂಗುವ ಗುಂಡಿ ಮತ್ತು ಎಣ್ಣೆ ಬೇರ್ಪಡುವ ತೊಟ್ಟಿಯ ಮೂಲಕ ಹಾಯಿಸಿದರೆ, ಅದೇ ನೀರನ್ನು ಚಕ್ರ ಮತ್ತು ಕೆಳಭಾಗದ ಮೊದಲ ತೊಳೆತಕ್ಕೆ ಮತ್ತೆ ಬಳಸಬಹುದು. ಔಷಧಿಯ ಗಾಡಿ ತೊಳೆದ ನೀರನ್ನು ಮಾತ್ರ ಇದರೊಂದಿಗೆ ಸೇರಿಸಕೂಡದು. ಮಳೆನೀರು ಇಂಗಿಸುವ ಗುಂಡಿಗೆ ಗಾಡಿ ತೊಳೆದ ಯಾವ ನೀರನ್ನೂ ಬಿಡಬಾರದು.

ಆಯುಧಪೂಜೆಯಂದು ಗಾಡಿಗೆ ಅರಿಶಿನ, ಕುಂಕುಮ ಹಚ್ಚಿ, ಹೂವಿನ ಹಾರ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣು ಇಡುವುದು ನಮ್ಮೆಲ್ಲರ ಮನೆಯ ಸಂಪ್ರದಾಯ. ಅನ್ನ ಕೊಡುವ ಸಾಧನವನ್ನು ಗೌರವಿಸುವ ಆ ಭಾವನೆ ದೊಡ್ಡದು. ಪೂಜೆಯ ಮರುದಿನ ಕುಂಕುಮದ ಕಲೆಯನ್ನು ಒರೆಸಿ, ರೇಡಿಯೇಟರಿಗೆ ಅಡ್ಡವಾದ ಹಾರವನ್ನು ತೆಗೆದು, ಆನಂತರದ ಐವತ್ತೊಂದು ವಾರಗಳೂ ವಾರಕ್ಕೆ ಅರವತ್ತು ಲೀಟರ್ ನೀರು, ಒಂದು ಗಂಟೆ ಸಮಯ ಕೊಟ್ಟರೆ ಗಾಡಿಯ ಬಾಡಿ ಹೆಚ್ಚು ವರ್ಷ ಬಾಳುತ್ತದೆ, ಮಾರುವಾಗ ಬೆಲೆ ಬರುತ್ತದೆ, ತುಂಬಿದ ಮಾಲು ಕೆಡದೆ ತಲುಪುತ್ತದೆ. ನೀರಿಗೆ ಬೆಲೆ ತೆರುವ ಜಿಲ್ಲೆಯ ವರ್ತಕರಾದ ನಾವು ಈ ಲೆಕ್ಕವನ್ನು ಇತರರಿಗಿಂತ ಬೇಗ ಅರಿಯಬಲ್ಲೆವು.